ಕೈಗೆ ಪಟ್ಟಿ ಕಟ್ಟಿದರೆ ಬೆನ್ನುನೋವು ಬಿಟ್ಟೀತೇ?

ಕನ್ನಡ ಬಂಧುಗಳೇ, ನಿಮ್ಮ ಬೆನ್ನಿಗೆ ಹೊಸ ಗುತ್ತಿಗೆದಾರರು ಬಂದಿದ್ದಾರೆ!

ಇಷ್ಟು ವರ್ಷ ಬೆನ್ನುನೋವಿನ ಹೆಸರಲ್ಲಿ ಎಣ್ಣೆ ಮಾರಿದರು. ಮುಲಾಮು ಮಾರಿದರು. ಸೊಂಟದ ಬೆಲ್ಟು ಮಾರಿದರು. ಕಲ್ಲಿನಂಥ ಹಾಸಿಗೆ ಮಾರಿದರು. ಅದೂ ಸಾಲದೆಂದು ಈಗ ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಬೆನ್ನಿಗೆ ಅಂಟಿಸುವ ಬಿಲ್ಲೆ, ಸ್ವಲ್ಪ ಬಾಗಿ ಕೂತರೆ ಗುಂಯ್ ಎಂದು ನಡುಗಿ ಎಚ್ಚರಿಸುವ ಯಂತ್ರ ತಂದಿದ್ದಾರೆ. ಜಾಹೀರಾತಿನಲ್ಲಿ ಬೆಳಗಿನ ಬಿಸಿಲು, ಓಡುವ ಹುಡುಗಿ, ನಗುವ ಅಜ್ಜ. ಕಟ್ಟಿಕೊಂಡರೆ ಸಾಕು, ಆರೋಗ್ಯ ಅಂಗೈಯಲ್ಲಿ ಎಂಬ ಭರವಸೆ. ಅಂಗೈಯಲ್ಲಿ ಆರೋಗ್ಯ ಬಂತೋ ಇಲ್ಲವೋ, ಜೇಬಿನಿಂದ ದುಡ್ಡು ಹೋದದ್ದು ಮಾತ್ರ ನಿಜ.

ಈ ಪಟ್ಟಿ ಸುಳ್ಳು, ಇದನ್ನು ಸುಟ್ಟುಹಾಕಿ ಎಂದು ನಾವು ಹೇಳುತ್ತಿಲ್ಲ. ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ನಾವು ಹೇಳುವುದು ಇಷ್ಟೇ: ಬೆನ್ನಿಗೆ ಮದ್ದು ವ್ಯಾಯಾಮ. ಆ ವ್ಯಾಯಾಮವನ್ನು ಬಿಡದೆ ಮಾಡಿಸುವುದು ಒಂದು ಗುರಿ, ಮತ್ತು ಆ ಗುರಿ ಮುಟ್ಟಿದಿರಾ ಎಂದು ವಿಚಾರಿಸುವ ಒಬ್ಬ ಮನುಷ್ಯ. ಪಟ್ಟಿ ಕೇವಲ ಲೆಕ್ಕ ಬರೆಯುವ ಗುಮಾಸ್ತ. ಗುಮಾಸ್ತನಿಗೆ ಗುಮಾಸ್ತನ ಸಂಬಳ ಕೊಡಿ, ವೈದ್ಯನ ಸಂಬಳ ಕೊಡಬೇಡಿ! ಈ ಮಾತಿಗೆ ನಮ್ಮ ಹತ್ತಿರ ಸಾಕ್ಷಿಯಿದೆ. ಓದಿ ನೋಡಿ, ಆಮೇಲೆ ನೀವೇ ತೀರ್ಪು ಕೊಡಿ.

ಮೂಟೆಗಟ್ಟಲೆ ಮಾರಾಟ, ಮನೆಗೆ ಬಂದದ್ದೇನು?

ವ್ಯಾಪಾರ ಎಷ್ಟು ದೊಡ್ಡದೆಂದು ಮೊದಲು ತಿಳಿಯಿರಿ. ಐಡಿಸಿ ಎಂಬ ಮಾರುಕಟ್ಟೆ ಲೆಕ್ಕದ ಸಂಸ್ಥೆಯ ಪ್ರಕಾರ 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೈಮೇಲೆ ಧರಿಸುವ ಎಲೆಕ್ಟ್ರಾನಿಕ್ ಸಾಧನಗಳು 13 ಕೋಟಿಗೂ ಹೆಚ್ಚು. ಇದರಲ್ಲಿ ಕಿವಿಗೆ ಸಿಕ್ಕಿಸುವ ಇಯರ್‌ಫೋನುಗಳದೇ ದೊಡ್ಡ ಪಾಲು. ಆದರೂ ಸ್ಮಾರ್ಟ್ ವಾಚುಗಳೇ 5 ಕೋಟಿ ದಾಟಿದ್ದವು. ಮರುವರ್ಷ, 2024ರಲ್ಲಿ, ಸ್ಮಾರ್ಟ್ ವಾಚಿನ ಸಂಖ್ಯೆ ಸುಮಾರು ಮೂರೂವರೆ ಕೋಟಿಗೆ ಕುಸಿಯಿತು. ಒಮ್ಮೆ ಕೊಂಡವರು ಮತ್ತೆ ಕೊಳ್ಳಲು ಮುಂದೆ ಬರುತ್ತಿಲ್ಲವೆಂದು ಮಾರುಕಟ್ಟೆಯವರೇ ಗೊಣಗಿದರು. ಯಾಕೆ ಬರುತ್ತಿಲ್ಲ? ನಿಮ್ಮ ಮನೆಯ ಮೇಜಿನ ಖಾನೆಯನ್ನೊಮ್ಮೆ ಎಳೆದು ನೋಡಿ. ಚಾರ್ಜ್ ಇಲ್ಲದೆ ಸತ್ತು ಮಲಗಿರುವ ಒಂದು ಪಟ್ಟಿ ಅಲ್ಲಿದ್ದರೆ ಉತ್ತರ ಅದೇ!

ಇನ್ನೊಂದು ವಿಷಯ ಗಮನಿಸಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಆರೋಗ್ಯ ಎಂದು ಬರೆಯುವ ಹಲವು ಕಂಪನಿಗಳು ಒಳಗಿನ ಚೀಟಿಯಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ಏನು ಬರೆದಿರುತ್ತಾರೆ ಗೊತ್ತೇ? ಇದು ವೈದ್ಯಕೀಯ ಉಪಕರಣವಲ್ಲ, ರೋಗ ಪತ್ತೆಗೂ ಚಿಕಿತ್ಸೆಗೂ ಇದನ್ನು ಬಳಸಬಾರದು ಎಂದು! ಮಾರುವಾಗ ವೈದ್ಯ, ಜವಾಬ್ದಾರಿ ಕೇಳಿದರೆ ಆಟಿಕೆ. ಇದ್ಯಾವ ನ್ಯಾಯ?

ಮೊದಲು ನೋವನ್ನು ಅರಿಯಿರಿ

ಬೆನ್ನುನೋವು ಒಬ್ಬಿಬ್ಬರ ಪಾಡಲ್ಲ. 2020ರಲ್ಲಿ ಜಗತ್ತಿನಲ್ಲಿ ಕೆಳಬೆನ್ನಿನ ನೋವಿನಿಂದ ನರಳುತ್ತಿದ್ದವರು ಸುಮಾರು 61.9 ಕೋಟಿ ಜನ. 2050ರ ಹೊತ್ತಿಗೆ ಇದು 84.3 ಕೋಟಿಗೆ ಏರಬಹುದೆಂದು ಅಂದಾಜು. ಮನುಷ್ಯನನ್ನು ಕೆಲಸಕ್ಕೆ ಬಾರದವನನ್ನಾಗಿ ಕೂರಿಸುವ ಕಾರಣಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ ಇದಕ್ಕೆ. ಎಪಿಎಂಸಿ ಅಂಗಳದಲ್ಲಿ ಮೂಟೆ ಹೊರುವ ಹಮಾಲಿ, ಗುಂಡಿ ಬಿದ್ದ ರಸ್ತೆಯಲ್ಲಿ ದಿನವಿಡೀ ಸ್ಟೇರಿಂಗ್ ಹಿಡಿಯುವ ಬಸ್ ಚಾಲಕ, ಬೊಮ್ಮನಹಳ್ಳಿ ಪೀಣ್ಯಗಳ ಗಾರ್ಮೆಂಟ್ಸಿನಲ್ಲಿ ಬೆನ್ನು ಬಗ್ಗಿಸಿ ಹೊಲಿಯುವ ಹೆಣ್ಣುಮಗಳು, ಕೆಸರುಗದ್ದೆಯಲ್ಲಿ ನಾಟಿ ಹಾಕುವ ತಾಯಿ, ಕಂಪ್ಯೂಟರ್ ಮುಂದೆ ಹತ್ತು ಗಂಟೆ ಅಲುಗದೆ ಕೂರುವ ಹುಡುಗ. ಇವರಲ್ಲಿ ಯಾರನ್ನೂ ಈ ನೋವು ಬಿಟ್ಟಿಲ್ಲ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥ ನೋವಿನ ನೂರು ಪ್ರಕರಣಗಳಲ್ಲಿ ಸುಮಾರು ತೊಂಬತ್ತರಲ್ಲಿ ಇದೇ ಮೂಳೆ, ಇದೇ ನರ, ಇದೇ ರೋಗ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಗೆಂದು ನೋವು ಸುಳ್ಳಲ್ಲ. ನೋವು ನೂರಕ್ಕೆ ನೂರು ನಿಜ. ಆದರೆ ಬೆನ್ನು ಮುರಿದಿದೆ, ಸವೆದಿದೆ, ಇನ್ನು ಬಗ್ಗಿದರೆ ಕಥೆ ಮುಗಿಯಿತು ಎಂಬ ಹೆದರಿಕೆ ಬಹಳ ಸಲ ಸುಳ್ಳು.

ಸ್ಕ್ಯಾನಿನ ಮಾತು ಕೇಳಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಡಿಸ್ಕ್ ಉಬ್ಬಿತ್ತು! ನೋವಿಲ್ಲ, ನುಲಿತವಿಲ್ಲ, ಆರಾಮಾಗಿ ಓಡಾಡಿಕೊಂಡಿದ್ದ ಜನ ಅವರು. 2015ರಲ್ಲಿ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವಿಲ್ಲದ 20 ವರ್ಷದವರಲ್ಲೇ ಶೇಕಡ 37 ಮಂದಿಗೆ ಡಿಸ್ಕ್ ಸವೆತ ಕಂಡಿತು. 80 ವರ್ಷದವರಲ್ಲಿ ಶೇಕಡ 96. ತಲೆಕೂದಲು ನರೆತ ಹಾಗೆ ಡಿಸ್ಕೂ ನರೆಯುತ್ತದೆ. ನರೆಗೂದಲನ್ನು ರೋಗವೆಂದು ಯಾರಾದರೂ ಆಪರೇಷನ್ ಮಾಡಿಸುತ್ತಾರೆಯೇ? ಆದರೆ ರಿಪೋರ್ಟಿನಲ್ಲಿ ಡಿಸ್ಕ್ ಉಬ್ಬಿದೆ ಎಂಬ ಎರಡು ಪದ ಓದಿದ ಮನುಷ್ಯ ಅಂದಿನಿಂದ ಕೊಡ ಎತ್ತುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ, ಹಾಸಿಗೆ ಬಿಟ್ಟು ಏಳುವುದಿಲ್ಲ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದಷ್ಟೂ ನೋವು ಹೆಚ್ಚುತ್ತದೆ.

ಹಾಗಾದರೆ ಮದ್ದೇನು? 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಕೆಳಬೆನ್ನು ನೋವಿಗೆಂದೇ ಮೊದಲ ಬಾರಿಗೆ ಮಾರ್ಗಸೂಚಿ ಹೊರಡಿಸಿತು. ಮಾಡಬೇಕಾದ್ದರ ಪಟ್ಟಿಯಲ್ಲಿ ರೋಗಿಗೆ ತಿಳಿವಳಿಕೆ ಕೊಡುವುದು ಮತ್ತು ವ್ಯಾಯಾಮ ಮುಖ್ಯವಾಗಿವೆ. ಬೇಡ ಎಂದವುಗಳ ಪಟ್ಟಿಯಲ್ಲಿ ಏನಿದೆ ನೋಡಿ: ಸೊಂಟದ ಬೆಲ್ಟು, ಬೆನ್ನು ಎಳೆಯುವ ಟ್ರ್ಯಾಕ್ಷನ್, ಅಫೀಮು ಜಾತಿಯ ನೋವಿನ ಮಾತ್ರೆ. ಮೆಡಿಕಲ್ ಶಾಪುಗಳಲ್ಲಿ ಬೆಲ್ಟು ಇನ್ನೂ ನೇತಾಡುತ್ತಲೇ ಇದೆ!

ವ್ಯಾಯಾಮದ ಪರ ಸಾಕ್ಷಿ ಒಂದೆರಡಲ್ಲ. 2021ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಪರಿಶೀಲನಾ ಸಂಸ್ಥೆ 249 ಪ್ರಯೋಗಗಳನ್ನು ಜಾಲಾಡಿ, ದೀರ್ಘಕಾಲದ ಬೆನ್ನುನೋವಿಗೆ ವ್ಯಾಯಾಮ ಫಲ ಕೊಡುತ್ತದೆ ಎಂದಿತು. ಆಸ್ಟ್ರೇಲಿಯಾದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು. ಬೆನ್ನುನೋವಿನಿಂದ ಆಗತಾನೇ ಚೇತರಿಸಿಕೊಂಡ 701 ಜನರಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರ ಸಲಹೆಯಂತೆ ಮೆಲ್ಲಮೆಲ್ಲನೆ ನಡಿಗೆ ಹೆಚ್ಚಿಸಲು ಹೇಳಿದರು. ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ನಡೆಯುವುದು ಗುರಿ. ಇನ್ನೊಂದು ಗುಂಪಿಗೆ ಏನೂ ಹೇಳಲಿಲ್ಲ. ಏನೂ ಹೇಳದವರಲ್ಲಿ ನೋವು ಮರಳಿ ಬರಲು ಸರಾಸರಿ 112 ದಿನ ಹಿಡಿಯಿತು. ನಡೆದವರಲ್ಲಿ 208 ದಿನ! ನಡಿಗೆಗೆ ಯಾವ ಕಂಪನಿಯ ಪೇಟೆಂಟೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಅದಕ್ಕೇ ಟಿವಿಯಲ್ಲಿ ಅದರ ಜಾಹೀರಾತು ಬರುವುದಿಲ್ಲ.

ಪಟ್ಟಿಯನ್ನು ಕಟಕಟೆಗೆ ಕರೆಯೋಣ

ಸರಿ, ಈಗ ಯಂತ್ರದ ವಿಚಾರಣೆ. ಸಾಕ್ಷಿಗಳು ಮೂವರು.

ಮೊದಲ ಸಾಕ್ಷಿ ಆಸ್ಟ್ರೇಲಿಯಾದಿಂದ. ಬೆನ್ನುನೋವಿನಿಂದ ಕೆಲಸ ಕಾರ್ಯ ಕುಂಠಿತಗೊಂಡಿದ್ದ 492 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಎರಡನೆಯ ಗುಂಪಿಗೆ ತರಬೇತಾದ ಫಿಸಿಯೋಥೆರಪಿಸ್ಟ್ ಎದುರು ಕೂತು ಮಾತಾಡಿ, ನೋವಿನ ಭಯ ಬಿಡಿಸಿ, ಯಾವ ಚಲನೆಗೆ ಹೆದರುತ್ತಾರೋ ಅದನ್ನೇ ಹಂತಹಂತವಾಗಿ ಮಾಡಿಸುವ ಚಿಕಿತ್ಸೆ. ಮೂರನೆಯ ಗುಂಪಿಗೆ ಅದೇ ಚಿಕಿತ್ಸೆಯ ಜೊತೆಗೆ, ಮೈಗೆ ಅಂಟಿಸಿದ ಸೆನ್ಸರ್ ಕೊಡುವ ಮಾಹಿತಿಯ ಬಳಕೆ. ಫಲ ಏನಾಯಿತು? ಎರಡನೆಯ ಮತ್ತು ಮೂರನೆಯ ಗುಂಪಿನವರು ಎಂದಿನ ಚಿಕಿತ್ಸೆಯವರಿಗಿಂತ ಬಹಳ ಸುಧಾರಿಸಿದರು. ವರ್ಷ ಕಳೆದರೂ ಆ ಸುಧಾರಣೆ ಉಳಿಯಿತು. ಆದರೆ ಸೆನ್ಸರ್ ಸೇರಿಸಿದ್ದರಿಂದ ಹೆಚ್ಚುವರಿ ಲಾಭ? ಇಲ್ಲ! ಗುಣಪಡಿಸಿದ್ದು ಎದುರು ಕೂತ ಮನುಷ್ಯ ಮತ್ತು ರೋಗಿಯದೇ ಧೈರ್ಯ.

ಎರಡನೆಯ ಸಾಕ್ಷಿ ಅಮೆರಿಕದ ಮಿಷಿಗನ್‌ನಿಂದ. ದೀರ್ಘಕಾಲದ ಬೆನ್ನುನೋವಿದ್ದ 229 ಮಾಜಿ ಸೈನಿಕರ ಮೇಲೆ ನಡೆದ ಈ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹೆಜ್ಜೆ ಎಣಿಸುವ ಯಂತ್ರ ಕೊಟ್ಟರು. ಎಲ್ಲರಿಗೂ ಎಂಬುದನ್ನು ಮರೆಯಬೇಡಿ! ಅರ್ಧ ಜನರಿಗೆ ಬರೀ ಯಂತ್ರ. ಉಳಿದರ್ಧ ಜನರಿಗೆ ಯಂತ್ರದ ಜೊತೆಗೆ ವಾರವಾರಕ್ಕೂ ಗುರಿ, ಎಷ್ಟು ನಡೆದಿರಿ ಎಂಬ ವರದಿ, ತಿಳಿವಳಿಕೆಯ ಮಾತು, ತಮ್ಮಂಥವರೇ ಸೇರಿ ಮಾತಾಡಿಕೊಳ್ಳುವ ಅವಕಾಶ. ಆರು ತಿಂಗಳಿಗೆ ಗುರಿ ಮತ್ತು ಬೆಂಬಲ ಸಿಕ್ಕವರು ಬರೀ ಯಂತ್ರ ಸಿಕ್ಕವರಿಗಿಂತ ಮುಂದಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಅಂತರವೂ ಕರಗಿಹೋಯಿತು. ಬರೀ ಯಂತ್ರಕ್ಕೆ ಬಲವಿಲ್ಲ, ಬೆಂಬಲಕ್ಕೆ ಬಲವಿದೆ, ಆ ಬೆಂಬಲವನ್ನೂ ಜೀವಂತವಾಗಿ ಇಟ್ಟುಕೊಳ್ಳದಿದ್ದರೆ ಫಲ ನಿಲ್ಲುವುದಿಲ್ಲ. ಪಾಠ ಇಷ್ಟು ಸ್ಪಷ್ಟ.

ಮೂರನೆಯ ಸಾಕ್ಷಿ ಬೆನ್ನಿನದಲ್ಲ, ತೂಕದ್ದು. ಆದರೂ ಕೇಳತಕ್ಕದ್ದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 471 ಯುವಕ ಯುವತಿಯರಿಗೆ ತೂಕ ಇಳಿಸುವ ತರಬೇತಿ ಕೊಟ್ಟರು. ಆರು ತಿಂಗಳ ನಂತರ ಅರ್ಧ ಜನರಿಗೆ ಮೈಮೇಲೆ ಧರಿಸುವ ಯಂತ್ರವನ್ನೂ ಕೊಟ್ಟರು. 2016ರಲ್ಲಿ ಬಂದ ಫಲಿತಾಂಶ ನೋಡಿ ನಗಬೇಕೋ ಅಳಬೇಕೋ: ಎರಡು ವರ್ಷದ ಕೊನೆಗೆ ಯಂತ್ರ ಧರಿಸಿದವರು ಇಳಿಸಿದ್ದು ಸರಾಸರಿ 3.5 ಕಿಲೋ, ಯಂತ್ರವಿಲ್ಲದವರು 5.9 ಕಿಲೋ!

ಇದಿಷ್ಟು ಕೇಳಿದ ಮೇಲೂ ಅಂಗಡಿಯವನು ಇದೊಂದು ಕಟ್ಟಿಕೊಳ್ಳಿ ಸಾರ್, ಬೆನ್ನುನೋವು ಮಾಯ ಎಂದರೆ ನೀವು ನಂಬುತ್ತೀರಾ?

ಹತ್ತು ಸಾವಿರ ಹೆಜ್ಜೆಯ ಪುರಾಣ

ದಿನಕ್ಕೆ ಹತ್ತು ಸಾವಿರ ಹೆಜ್ಜೆ! ಇದು ವೇದವಾಕ್ಯವೆಂಬಂತೆ ಎಷ್ಟೋ ಪಟ್ಟಿಗಳ ತಲೆಯೊಳಗೆ ತುಂಬಿದೆ. ಇದು ಯಾವ ವೈದ್ಯ ಬರೆದ ಚೀಟಿ? ಯಾವ ವೈದ್ಯನದೂ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಇಟ್ಟ ಹೆಸರು ಮಾಂಪೋಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟಕ್ಕೆ ಹುಟ್ಟಿದ ಹೆಸರು ಅರವತ್ತು ವರ್ಷದಲ್ಲಿ ಜಗತ್ತಿನ ಆರೋಗ್ಯ ನಿಯಮವಾಗಿ ಕೂತಿದೆ! 2019ರಲ್ಲಿ ಅಮೆರಿಕದಲ್ಲಿ 16,741 ವಯಸ್ಸಾದ ಹೆಂಗಸರನ್ನು ಗಮನಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700 ನಡೆದವರಿಗಿಂತ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಬೆನ್ನುನೋವಿನವರಿಗೆ ಈ ಪುರಾಣ ಬರೀ ಸುಳ್ಳಲ್ಲ, ಅಪಾಯ. ಎರಡು ಸಾವಿರ ಹೆಜ್ಜೆಗೇ ಸೊಂಟ ಹಿಡಿಯುವವರು ಮೊದಲ ದಿನವೇ ಹತ್ತು ಸಾವಿರ ನಡೆದರೆ ಏನಾಗುತ್ತದೆ? ಮೂರು ದಿನ ಹಾಸಿಗೆ. ಆಮೇಲೆ ನನ್ನ ಬೆನ್ನಿಗೆ ವ್ಯಾಯಾಮ ಆಗಿಬರುವುದಿಲ್ಲ ಎಂಬ ತೀರ್ಮಾನ. ಇಡೀ ಬದುಕಿಗೆ ಬೇಕಾದ ಮದ್ದನ್ನು ಒಂದೇ ದಿನ ನುಂಗಿಸಿ, ಮದ್ದೇ ಕೆಟ್ಟದ್ದು ಎನಿಸಿಬಿಟ್ಟಿತು ಆ ಸಂಖ್ಯೆ.

ಯಂತ್ರಕ್ಕೆ ನಿಮ್ಮ ಬೆವರು ಕಾಣುವುದಿಲ್ಲ

ಈ ಪಟ್ಟಿಯೊಳಗಿರುವುದು ಅಲುಗಾಟ ಅಳೆಯುವ ಒಂದು ಪುಟ್ಟ ಚಿಪ್ಪು. ಕೈ ಬೀಸಿದ ಲಯ ನೋಡಿ ಹೆಜ್ಜೆ ಎಂದು ಊಹಿಸುತ್ತದೆ. ತಳ್ಳುಗಾಡಿಯ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ಬೀದಿ ಬೀದಿ ಸುತ್ತುವ ತರಕಾರಿಯವನ ಕೈ ಬೀಸುವುದಿಲ್ಲ, ಅವನ ಹೆಜ್ಜೆ ಲೆಕ್ಕಕ್ಕೆ ತಪ್ಪುತ್ತದೆ. ತಲೆಯ ಮೇಲೆ ಇಟ್ಟಿಗೆ ಹೊತ್ತು, ಕೈಯಲ್ಲಿ ಆಧಾರ ಹಿಡಿದು ಏಣಿ ಹತ್ತುವ ಕೂಲಿ ಹೆಣ್ಣುಮಗಳ ಭಾರ ಅದಕ್ಕೆ ತಿಳಿಯುವುದೇ ಇಲ್ಲ. ಬೆನ್ನಿನ ಮೇಲೆ 50 ಕಿಲೋ ಮೂಟೆ ಇದ್ದರೂ ಒಂದು ಹೆಜ್ಜೆ, ಬರಿಗೈಯಲ್ಲಿ ಪಾರ್ಕಿನಲ್ಲಿ ಅಡ್ಡಾಡಿದರೂ ಒಂದು ಹೆಜ್ಜೆ!

ದಿನವಿಡೀ ದುಡಿದು ಬೆನ್ನು ನೋಯಿಸಿಕೊಂಡವರಿಗೆ ಇನ್ನೂ ಮೂರು ಸಾವಿರ ಹೆಜ್ಜೆ ಬಾಕಿಯಿದೆ ಎಂದು ಯಂತ್ರ ಹೇಳಿದರೆ ಅದು ಅವಮಾನ. ಅವರಿಗೆ ಬೇಕಾದದ್ದು ಸರಿಯಾದ ವಿರಾಮ, ಹಗುರವಾದ ಮೂಟೆ, ಬೆನ್ನಿನ ಮತ್ತು ಕಾಲಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಕೂತು ಕೂತು ಸೊಂಟ ಮರಗಟ್ಟಿದವರಿಗೆ ಬೇಕಾದದ್ದು ಎದ್ದು ನಡೆಯುವುದು. ಇಬ್ಬರಿಗೂ ಒಂದೇ ಪಟ್ಟಿ, ಒಂದೇ ಗುರಿ ಎಂದರೆ ಎತ್ತಿಗೂ ಕತ್ತೆಗೂ ಒಂದೇ ನೊಗ ಕಟ್ಟಿದಂತೆ.

ಇನ್ನು, ಬಾಗಿದರೆ ನಡುಗುವ ಯಂತ್ರ. ನೆಟ್ಟಗೆ ಕೂತರೆ ಮಾತ್ರ ಸರಿ, ಬಾಗಿ ಕೂತರೆ ಬೆನ್ನು ಹಾಳು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದೇ ಬೆನ್ನಿಗೆ ಹಿಂಸೆ. ದೇಹ ಅತ್ತಿತ್ತ ಹೊರಳಲಿ, ಬಾಗಲಿ, ಏಳಲಿ. ಕೋಲು ಹಿಡಿದ ಮೇಷ್ಟರಂತೆ ಬೆನ್ನಿನ ಮೇಲೆ ಕೂತು ಪ್ರತಿ ಬಾಗಿಗೂ ಗದರಿಸುವ ಯಂತ್ರ ಬಹಳ ಜನರಿಗೆ ಕಲಿಸುವುದು ಒಂದೇ: ಭಯ. ಮೇಲೆ ಹೇಳಿದ ಆಸ್ಟ್ರೇಲಿಯಾದ ಚಿಕಿತ್ಸೆ ಬಿಡಿಸಿದ್ದು ಇದೇ ಭಯವನ್ನು!

ಹಾಗಾದರೆ ಇದರಿಂದ ಉಪಯೋಗವೇ ಇಲ್ಲವೇ?

ಇದೆ. ಮನೆಯಲ್ಲಿ ಪಟ್ಟಿ ಇದ್ದರೆ ಎಸೆಯಬೇಡಿ, ಕೆಲಸಕ್ಕೆ ಹಚ್ಚಿ. ಇಲ್ಲದಿದ್ದರೆ ಸಾಲ ಮಾಡಿ ಕೊಳ್ಳಬೇಡಿ. ನಿಮ್ಮ ಜೇಬಿನ ಸ್ಮಾರ್ಟ್‌ಫೋನೇ ಹೆಜ್ಜೆ ಎಣಿಸಬಲ್ಲದು. ಅದೂ ಬೇಡವೆಂದರೆ ಗೋಡೆಯ ಕ್ಯಾಲೆಂಡರ್, ಒಂದು ಪೆನ್ಸಿಲ್ ಸಾಕು. ನಡೆದ ನಿಮಿಷಗಳನ್ನು ಆಯಾ ತಾರೀಖಿನ ಮನೆಯಲ್ಲಿ ಬರೆದಿಡಿ. ವಿಧಾನ ಹೀಗೆ:

ಒಂದು. ಮೊದಲ ವಾರ ಏನನ್ನೂ ಬದಲಿಸಬೇಡಿ. ಎಂದಿನಂತೆ ಓಡಾಡಿ, ದಿನದ ಲೆಕ್ಕ ಬರೆದಿಡಿ. ಏಳು ದಿನದ ಸರಾಸರಿಯೇ ನಿಮ್ಮ ಬುಡದ ಲೆಕ್ಕ. ಅದು ಹದಿನೈದು ನೂರು ಹೆಜ್ಜೆ ಇದ್ದರೂ ನಾಚಿಕೆ ಬೇಡ. ಕಂಪನಿಯ ಹತ್ತು ಸಾವಿರವನ್ನು ಯಂತ್ರದಿಂದ ಅಳಿಸಿ, ನಿಮ್ಮದೇ ಗುರಿ ಇಡಿ.

ಎರಡು. ವಾರಕ್ಕೆ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚಿಸಿ. ಎರಡು ಸಾವಿರ ಇದ್ದರೆ ಮುಂದಿನ ವಾರ ಇನ್ನೂರು ಸೇರಿಸಿ. ಮೈ ಚೆನ್ನಾಗಿದೆ ಎಂದು ಒಂದೇ ದಿನ ದುಪ್ಪಟ್ಟು ನಡೆಯಬೇಡಿ, ನೋವಿದೆ ಎಂದು ಪೂರ್ತಿ ನಿಲ್ಲಿಸಲೂ ಬೇಡಿ. ನೋವಿನ ದಿನ ಅರ್ಧ ಮಾಡಿ, ಆದರೆ ಮಾಡಿ. ಮಾಡುವಾಗ ತುಸು ನೋವಾದರೆ ಅದು ಹಾನಿಯ ಗುರುತಲ್ಲ. ಮರುದಿನಕ್ಕೂ ನೋವು ಏರಿಯೇ ಇದ್ದರೆ ಸ್ವಲ್ಪ ಇಳಿಸಿ.

ಮೂರು. ಹೆಜ್ಜೆಯ ಲೆಕ್ಕದಲ್ಲಿ ಬಾರದ ವ್ಯಾಯಾಮವನ್ನು ಮರೆಯಬೇಡಿ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವ ಸೇತುಬಂಧ. ಅಂಬೆಗಾಲಿನಲ್ಲಿ ನಿಂತು ಬೆಕ್ಕಿನಂತೆ ಬೆನ್ನು ಮೇಲೆ ಕೆಳಗೆ ಮಾಡುವುದು. ಅದೇ ಭಂಗಿಯಲ್ಲಿ ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಸಾಧ್ಯವಾದರೆ ಫಿಸಿಯೋಥೆರಪಿಸ್ಟರ ಎದುರು ಒಮ್ಮೆ ಕಲಿಯಿರಿ. ಎಲ್ಲರನ್ನೂ ಗುಣಪಡಿಸುವ ಒಂದೇ ಒಂದು ಮಾಂತ್ರಿಕ ವ್ಯಾಯಾಮವಿಲ್ಲ. ನೀವು ಬಿಡದೆ ಮಾಡುವುದೇ ನಿಮಗೆ ಒಳ್ಳೆಯದು.

ನಾಲ್ಕು. ಕೂತು ಕೆಲಸ ಮಾಡುವವರು ಪಟ್ಟಿಯ ಗಂಟೆಯನ್ನು ಅರ್ಧ ಗಂಟೆಗೊಮ್ಮೆ ಏಳಲು ಇಟ್ಟುಕೊಳ್ಳಿ. ಗುಮಾಸ್ತ ಚೆನ್ನಾಗಿ ಮಾಡುವ ಕೆಲಸ ಇದು.

ಐದು. ಇದೇ ಮುಖ್ಯ! ವಾರಕ್ಕೊಮ್ಮೆ ಆ ಲೆಕ್ಕವನ್ನು ಒಬ್ಬ ಮನುಷ್ಯನಿಗೆ ತೋರಿಸಿ. ಫಿಸಿಯೋಥೆರಪಿಸ್ಟ್ ಇದ್ದರೆ ಅವರಿಗೆ. ಇಲ್ಲವೇ ಹೆಂಡತಿಗೆ, ಗಂಡನಿಗೆ, ಓಣಿಯ ಗೆಳೆಯನಿಗೆ, ಸ್ತ್ರೀಶಕ್ತಿ ಸಂಘದ ಗೆಳತಿಗೆ. ಯಾಕೆ ಕಡಿಮೆಯಾಯಿತು, ಏನು ತೊಂದರೆ ಎಂದು ಕೇಳುವ ಒಂದು ಬಾಯಿ ಬೇಕು. ಮಿಷಿಗನ್ ಪ್ರಯೋಗದ ಸಾರವೇ ಇದು.

ಎಚ್ಚರಿಕೆಯ ಮಾತೊಂದಿದೆ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಕುಂಡಿಯ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತ ಹೋದರೆ ತಡ ಮಾಡದೆ, ಅಂದೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದದ್ದು, ವಯಸ್ಸಾದವರು ಬಿದ್ದ ಮೇಲೆ ಶುರುವಾದ ನೋವು, ಇವಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಇದ್ಯಾವುದನ್ನೂ ನಿಮ್ಮ ಮಣಿಕಟ್ಟಿನ ಪಟ್ಟಿ ಹೇಳಲಾರದು.

ತಿಳಿಯದ ಭಾಷೆಯ ಸಲಹೆ ಯಾರ ಬೆನ್ನಿಗೆ?

ಬಂಧುಗಳೇ, ಈಗ ನಮ್ಮ ನೋವಿನ ಜಾಗಕ್ಕೆ ಬನ್ನಿ. ಪ್ರಯೋಗಗಳು ಹೇಳಿದ್ದೇನು? ಗುಣಪಡಿಸುವುದು ಗುರಿ, ತಿಳಿವಳಿಕೆ, ಧೈರ್ಯದ ಮಾತು. ಅಂದರೆ ಮಾತು! ಮಾತೇ ಮದ್ದಿನ ಅರ್ಧ ಪಾಲು. ಆ ಮಾತು ರೋಗಿಗೆ ತಿಳಿಯದ ಭಾಷೆಯಲ್ಲಿದ್ದರೆ ಮದ್ದು ಸೀಸೆಯಲ್ಲೇ ಉಳಿಯಿತು.

ಎಂಆರ್‌ಐ ರಿಪೋರ್ಟು ಇಂಗ್ಲಿಷಿನಲ್ಲಿ. ವ್ಯಾಯಾಮದ ಚೀಟಿ ಇಂಗ್ಲಿಷಿನಲ್ಲಿ. ಪಟ್ಟಿಯ ಜೊತೆ ಬರುವ ಆಪ್ ಹೆಚ್ಚಾಗಿ ಇಂಗ್ಲಿಷಿನಲ್ಲಿ, ತಪ್ಪಿದರೆ ಹಿಂದಿಯಲ್ಲಿ. ಗದಗಿನ ಹಮಾಲಿ, ಮಂಡ್ಯದ ನಾಟಿ ಹಾಕುವ ತಾಯಿ ಆ ಪರದೆ ನೋಡಿ ಏನು ಮಾಡಬೇಕು? ಮಗ ಶಾಲೆಯಿಂದ ಬರುವ ತನಕ ಬೆನ್ನು ಹಿಡಿದು ಕಾಯಬೇಕೇ? ದುಡ್ಡು ಕನ್ನಡಿಗರದು, ಬೆನ್ನು ಕನ್ನಡಿಗರದು, ಸಲಹೆ ಮಾತ್ರ ಕನ್ನಡದಲ್ಲಿ ಬೇಡವೇ? ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರ ಆಪು, ಇದರ ಸೂಚನೆ, ಇದರ ಗ್ಯಾರಂಟಿ ಚೀಟಿ ಕನ್ನಡದಲ್ಲಿದೆಯೇ? ಇಲ್ಲವೆಂದರೆ ಡಬ್ಬ ಅಲ್ಲೇ ಇಟ್ಟು ಹೊರಗೆ ಬನ್ನಿ. ಹತ್ತು ಜನ ಹೀಗೆ ಬಂದರೆ ಹನ್ನೊಂದನೆಯವರಿಗೆ ಕನ್ನಡದಲ್ಲಿ ಸಿಗುತ್ತದೆ!

ಇನ್ನೊಂದು ಅನ್ಯಾಯ. ಆಸ್ಪತ್ರೆಗೆ ದಾಖಲಾಗಿ ಬೆನ್ನು ಕೊಯ್ಸಿಕೊಂಡರೆ ಇನ್ಶೂರೆನ್ಸ್ ಹಣ ಬರುತ್ತದೆ. ದಾಖಲಾಗದೆ ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟರ ಬಳಿ ಹೋಗಿ ವ್ಯಾಯಾಮ ಕಲಿತರೆ ಸಾಮಾನ್ಯ ಪಾಲಿಸಿಗಳಲ್ಲಿ ಬಹುತೇಕ ಚಿಕ್ಕಾಸೂ ಬರುವುದಿಲ್ಲ. ಕತ್ತರಿಗೆ ಹಣ ಉಂಟು, ಕಸರತ್ತಿಗೆ ಇಲ್ಲ! ಜನ ಪಟ್ಟಿ ಬೆಲ್ಟುಗಳ ಬೆನ್ನು ಹತ್ತುವುದು ದಡ್ಡತನದಿಂದಲ್ಲ. ವಿಚಾರಿಸುವ ಮನುಷ್ಯ ಕೈಗೆಟುಕದಾಗ ಕೈಗೆಟುಕುವ ಯಂತ್ರವನ್ನು ಹಿಡಿಯುತ್ತಾರೆ.

ಕೆಲಸ ಕೊಟ್ಟವರೇ ಆರೋಗ್ಯದ ಹೆಸರಲ್ಲಿ ಪಟ್ಟಿ ಹಂಚಿದರೆ ಎರಡು ಸಲ ಯೋಚಿಸಿ. ಎಷ್ಟು ನಡೆದಿರಿ, ಎಷ್ಟು ನಿದ್ದೆ ಮಾಡಿದಿರಿ, ಎದೆ ಎಷ್ಟು ಬಡಿಯಿತು, ಇದೆಲ್ಲ ಯಾರ ಕಂಪ್ಯೂಟರಿಗೆ ಹೋಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮಾಹಿತಿ ಬಳಸಬಾರದೆಂಬ ತತ್ವದ ಮೇಲೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಮೂಟೆಯ ಭಾರ ಇಳಿಸದ ಮಾಲೀಕ ಹೆಜ್ಜೆ ಎಣಿಸಲು ಬಂದರೆ ಅದು ಕಾಳಜಿಯಲ್ಲ, ಕಾವಲು.

ನಮ್ಮ ಒತ್ತಾಯಗಳು

1. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಖಾಲಿ ಬಿಡದೆ ತುಂಬತಕ್ಕದ್ದು. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ವಾರಕ್ಕೊಂದು ದಿನವಾದರೂ ಬೆನ್ನುನೋವಿನವರಿಗೆ ಗುಂಪು ವ್ಯಾಯಾಮ ಮಾಡಿಸತಕ್ಕದ್ದು.

2. ವಿಶ್ವ ಆರೋಗ್ಯ ಸಂಸ್ಥೆಯ 2023ರ ಬೆನ್ನುನೋವಿನ ಮಾರ್ಗಸೂಚಿಯ ಸಾರವನ್ನು ಸರ್ಕಾರ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮುಟ್ಟಿಸತಕ್ಕದ್ದು.

3. ಸ್ಕ್ಯಾನ್ ಮಾಡಿದವರು ಡಿಸ್ಕ್ ಸವೆತ ವಯಸ್ಸಿನ ಸಹಜ ಗುರುತೂ ಆಗಿರಬಹುದೆಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ರಿಪೋರ್ಟಿನ ಜೊತೆ ಕೊಡತಕ್ಕದ್ದು.

4. ಕರ್ನಾಟಕದಲ್ಲಿ ಮಾರುವ ಆರೋಗ್ಯ ಪಟ್ಟಿಗಳ ಆಪು, ಸೂಚನೆ, ಎಚ್ಚರಿಕೆಗಳು ಕನ್ನಡದಲ್ಲಿ ಇರತಕ್ಕದ್ದು. ವೈದ್ಯಕೀಯ ಉಪಕರಣವಲ್ಲ ಎಂಬ ಮಾತನ್ನು ಡಬ್ಬದ ಮುಖದ ಮೇಲೆ ಅಷ್ಟೇ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯತಕ್ಕದ್ದು.

5. ನೋವು ಮಾಯ ಮಾಡುತ್ತೇವೆ ಎನ್ನುವ ಜಾಹೀರಾತುಗಳ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕ್ರಮ ಜರುಗಿಸತಕ್ಕದ್ದು.

ಸರ್ಕಾರ ಮಾಡುವ ತನಕ ಕಾಯುತ್ತ ಕೂರಬೇಡಿ. ಕೂತರೆ ಬೆನ್ನು ಹಿಡಿಯುತ್ತದೆ! ನಿಮ್ಮ ಓಣಿಯಲ್ಲಿ, ನಿಮ್ಮ ಗರಡಿಮನೆಯಲ್ಲಿ, ನಿಮ್ಮ ಊರ ದೇವಸ್ಥಾನದ ಅಂಗಳದಲ್ಲಿ, ಹಮಾಲಿ ಸಂಘದ ಕಟ್ಟೆಯ ಮೇಲೆ ಹತ್ತು ಜನ ಸೇರಿ. ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ, ಕಾಲು ಗಂಟೆ ಮೈ ಬಗ್ಗಿಸಿ. ಒಬ್ಬರ ಕೈಯಲ್ಲಿ ಪಟ್ಟಿ ಇದ್ದರೆ ಇರಲಿ, ಲೆಕ್ಕ ಅವರು ಬರೆಯಲಿ. ಬಾರದವರ ಮನೆ ಬಾಗಿಲು ತಟ್ಟಿ, ಯಾಕೆ ಬರಲಿಲ್ಲ ಎಂದು ಕನ್ನಡದಲ್ಲಿ ಕೇಳಿ. ಆ ಒಂದು ಪ್ರಶ್ನೆ ಕೇಳಬಲ್ಲ ಯಂತ್ರವನ್ನು ಇನ್ನೂ ಯಾವ ಕಂಪನಿಯೂ ಮಾಡಿಲ್ಲ.

ಏಳಿ, ನಡೆಯಿರಿ!